ಓಡಾಡಿಕೊಂಡಿರುವವರಿಗೆ ಜ್ವರವಿಲ್ಲ

ನಗಬಾರದ ಜಾಗದಲ್ಲಿ ನಗು ಬರಿಸುವ ಸಂಗತಿಗಳು ಯಾಕೋ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ, ನಮ್ಮ ಕಾಲೇಜಿನ ಪ್ರಯೋಗದ ಪ್ರಾಣಿಮನೆಯಲ್ಲಿ, ಎಲ್ಲಿ ಬಾಯಿ ಬಿಗಿಹಿಡಿದು ನಿಲ್ಲಬೇಕೋ ಅಲ್ಲೇ ಯಾರಾದರೂ ಒಂದು ಮಾತು ಆಡುತ್ತಾರೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡುತ್ತೇನೆ. ಪಾಪ, ಅಳುತ್ತಿದ್ದಾಳೆ ಎಂದು ಜನ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದೂ ನಿಜವೇ.

ಹುಣಸೂರಿನ ಹೊರಗಿರುವ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಪಾಠವಿಲ್ಲದ ಹೊತ್ತಿನಲ್ಲಿ ಇಲಿಗಳಿಗೆ ಜ್ವರ ಬರಿಸುತ್ತೇನೆ. ಹೋದ ಮಳೆಗಾಲದಲ್ಲಿ ನಾನು ಇಲ್ಲಿ ಇಲಿಗಳಿಗೆ ಜ್ವರ ಬರಿಸುತ್ತಿದ್ದಾಗ, ಅತ್ತ ಸಾಲಿಗ್ರಾಮದ ಹತ್ತಿರದ ನಮ್ಮೂರಿನಲ್ಲಿ ಇಲಿಗಳು ನನ್ನ ಅತ್ತಿಗೆಗೆ ಜ್ವರ ಬರಿಸಿದವು. ನಿಮ್ಮ ಇಲಿಗಳ ನೆಂಟರು ಸೇಡು ತೀರಿಸಿಕೊಂಡರು ಮೇಡಂ ಎಂದು ಕಾಲೇಜಿನಲ್ಲಿ ತಮಾಷೆ ಮಾಡಿದರು. ಅತ್ತಿಗೆಯ ಜೀವಕ್ಕೇ ಬಂದಿತ್ತು, ಹಾಗಾಗಿ ಆ ಒಂದು ತಮಾಷೆಗೆ ನಾನು ನಗಲಿಲ್ಲ. ಮಿಕ್ಕವಕ್ಕೆ ನಕ್ಕಿದ್ದೇನೆ. ಅವನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಫ್ರೀ ಟಿಕೆಟ್

ವಾರದ ಕೊನೆಗೆ ಊರಿಗೆ ಹೋಗಲು ಕೆ.ಆರ್. ನಗರದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಪಿರಿಯಾಪಟ್ಟಣದ ಕಡೆಯ ಯಜಮಾನರೊಬ್ಬರು ಕೂತಿದ್ದರು. ಶೀತವಾಗಿತ್ತು ಅಂತ ಕಾಣುತ್ತದೆ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಎರಡು ನಿಮಿಷಕ್ಕೊಮ್ಮೆ ಅಯ್ಯಪ್ಪಾ ಎನ್ನುತ್ತಿದ್ದರು.

"ಏನ್ ಕೆಲ್ಸ ತಾಯಿ ನಿಮ್ದು?"

"ಇಲಿಗಳಿಗೆ ಜ್ವರ ಬರಿಸ್ತೀನಿ."

ಅವರು ಕಿವಿಯ ಮೇಲಿನ ಮಫ್ಲರ್ ಸರಿಸಿದರು. "ಆಮ್ಯಾಕೆ ಔಸ್ದಿ ಕೊಟ್ಟು ವಾಸಿ ಮಾಡ್ತೀರಾ?"

"ಇಲ್ಲ. ಜ್ವರ ಬಂದಾಗ ಗಂಡಿಲಿ ಏನು ಮಾಡುತ್ತೆ, ಹೆಣ್ಣಿಲಿ ಏನು ಮಾಡುತ್ತೆ ಅಂತ ಕೂತು ನೋಡ್ತೀವಿ."

"ನೋಡಿ?"

"ಆಮೇಲೆ ಮೆದುಳು ತೆಗೆದು, ಒಳಗೆ ಏನಾಗಿದೆ ಅಂತಾನೂ ನೋಡ್ತೀವಿ."

ಯಜಮಾನರು ತಮ್ಮ ಚೀಲವನ್ನು ನನ್ನ ಕಡೆಯಿಂದ ಎತ್ತಿ ಆಚೆ ಇಟ್ಟುಕೊಂಡರು. "ನಮ್ಮ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಾಗೆ ಬೇಜಾನ್ ಇಲಿ ಅವೆ. ಒಂದ್ಕೂ ಜ್ವರ ಬಂದಿದ್ದು ಕಾಣ್ನಿಲ್ಲ. ಅಲ್ಲ ತಾಯಿ, ಜ್ವರ ಅಂದ್ರೆ ಜ್ವರ. ಅದ್ರಾಗೆ ಗಂಡೇನು, ಹೆಣ್ಣೇನು?"

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೆಮ್ಮಿದಳು. ಅವಳ ಕಣ್ಣು ಮೂಗು ಎರಡೂ ಕೆಂಪಾಗಿದ್ದವು, ಕೈಯಲ್ಲಿ ದೊಡ್ಡ ಬ್ಯಾಗಿತ್ತು. ಅವಳು ಈ ಯಜಮಾನರ ಹೆಂಡತಿ ಎಂದು ಆಗ ಗೊತ್ತಾಯಿತು. ನಾನು ಎದ್ದು, ಬನ್ನಿ ಅಮ್ಮ, ನೀವು ಕೂತ್ಕೊಳ್ಳಿ ಎಂದೆ. ಯಜಮಾನರು ನನ್ನ ಕೈ ಹಿಡಿದು ಕೂರಿಸದಿದ್ದುದೊಂದು ಬಾಕಿ.

"ಕುಂತ್ಕಳಿ ತಾಯಿ, ಕುಂತ್ಕಳಿ. ಅವಳು ನಿಂತ್ಕತ್ತಾಳೆ ಬುಡಿ. ಹೆಂಗಸ್ರಿಗೆ ಫ್ರೀ ಅಲ್ವಾ, ಟಿಕೇಟ್ ತಗಂಡಿರೋನು ನಾನು."

೨. ಲೇಡೀಸ್ ಕೋಟಾ

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತೇವೆ. ಪ್ರಯೋಗಕ್ಕೆ ಅವರು ಗಂಡಿಲಿಯನ್ನು ಬಿಟ್ಟು ಬೇರೆ ಮುಟ್ಟಿದವರಲ್ಲ. ಕಾರಣ ಕೇಳಿದರೆ ಅವರದು ಒಂದೇ ಉತ್ತರ.

"ಹೆಣ್ಣಿಲಿ ಬಲು ತಾಪತ್ರಯ ಕಣಮ್ಮ. ನಾಲ್ಕೈದು ದಿನಕ್ಕೊಂದು ಸಲ ಹಾರ್ಮೋನು ಏರುತ್ತೆ, ಇಳಿಯುತ್ತೆ. ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ಡಾಟಾ ಎಲ್ಲ ಕುಲಗೆಟ್ಟು ಹೋಗುತ್ತೆ."

ಈ ಮಾತು ಹೇಳುವ ಸಾಹೇಬರ ಹತ್ತಿರ ರಜೆಗೆ ಸಹಿ ಹಾಕಿಸಿಕೊಳ್ಳಬೇಕಾದರೆ ನಾವು ಮೊದಲು ಹೊರಗಿನ ಜವಾನನನ್ನು ಕೇಳುತ್ತೇವೆ, ಇವತ್ತು ಹವಾ ಹೇಗಿದೆ ಅಂತ. ಉಪ್ಪಿಟ್ಟಿಗೆ ಗೋಡಂಬಿ ಬೀಳದಿದ್ದರೆ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ನಿದ್ದೆ ಬಂದರೆ ಇನ್ನೊಂದು ಥರ, ಪ್ರಿನ್ಸಿಪಾಲರ ಫೋನು ಬಂದರೆ ಮತ್ತೊಂದು ಥರ. ಅವರಿಂದ ಡಾಟಾ ಕೆಡುತ್ತದೆ ಎಂದು ಯಾರೂ ಇದುವರೆಗೆ ಹೇಳಿಲ್ಲ.

ಇಲಿಗಳು ಹೆರುವಾಗ ಸಾಹೇಬರನ್ನು ಕೇಳಿ ಹೆರುವುದಿಲ್ಲ. ಅರ್ಧಕ್ಕರ್ಧ ಹೆಣ್ಣು ಹುಟ್ಟುತ್ತವೆ. ಮರಿ ಹಾಕಿಸಲು ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕವನ್ನು ಹೆಚ್ಚುವರಿ ಎನ್ನುತ್ತಿದ್ದೆವು. ನಮ್ಮ ಕಸುಬಿನಲ್ಲಿ ಪ್ರಯೋಗ ಮುಗಿದ ಮೇಲೆ ಇಲಿಯನ್ನು ಕೊಲ್ಲುವುದಕ್ಕೆ ಸ್ಯಾಕ್ರಿಫೈಸ್ ಎಂಬ ಹೆಸರಿದೆ. ಕೊಲ್ಲುವವರು ನಾವು, ತ್ಯಾಗದ ಹೆಸರು ಇಲಿಗೆ. ಹೆಚ್ಚುವರಿ ಹೆಣ್ಣುಗಳಿಗೆ ಆ ಗೌರವವೂ ಇರಲಿಲ್ಲ. ಅವುಗಳ ಮುಂದೆ ಡಿಸ್ಪೋಸ್ ಎಂದು ಬರೆಯುತ್ತಿದ್ದೆವು, ಹರಿದ ಕೈಗವಸಿನ ಮುಂದೆ ಬರೆಯುವ ಹಾಗೆ.

ಹೀಗಿರುವಾಗ ಅನುದಾನ ಕೊಡುವವರು ಒಂದು ಪ್ರಶ್ನೆ ಎತ್ತಿದರು. ಕಾಯಿಲೆ ಹೆಂಗಸರಿಗೂ ಬರುತ್ತದಲ್ಲ, ಔಷಧಿ ಅವರೂ ನುಂಗುತ್ತಾರಲ್ಲ, ನಿಮ್ಮ ಪ್ರಯೋಗದಲ್ಲಿ ಹೆಣ್ಣಿಲಿ ಯಾಕಿಲ್ಲ? ಸಾಹೇಬರು ನಿಟ್ಟುಸಿರು ಬಿಟ್ಟರು.

"ಹಾಕ್ರಮ್ಮ, ಲೇಡೀಸ್‌ನೂ ಹಾಕಿ. ಪಂಚಾಯ್ತೀಲಿ ಬಂತು, ಬಸ್ಸಲ್ಲಿ ಬಂತು, ಈಗ ಬೋನಿಗೂ ಬಂತು ಕೋಟಾ."

ಪ್ರಾಣಿಮನೆ ನೋಡಿಕೊಳ್ಳುವವರು ಹುಣಸೂರು ಪೇಟೆಯ ಒಬ್ಬ ಹಿರಿಯರು, ಎಲ್ಲರ ಬಾಯಲ್ಲೂ ಚಾಚಾ. ಅವರು ಹೆಣ್ಣಿಲಿಗಳಿಗೆ ಬೇರೆ ಕೋಣೆ ಮಾಡಿ, ಬಾಗಿಲಿಗೆ ಹೂವಿನ ಚಿತ್ರದ ಒಂದು ಪರದೆ ಬೇರೆ ಕಟ್ಟಿದರು. ಇದು ಯಾಕೆ ಚಾಚಾ ಎಂದರೆ, "ಮರ್ಯಾದೆ ಮೇಡಂ" ಎಂದರು. ಆ ಪರದೆಯನ್ನು ಸರಿಸಿಕೊಂಡು ಒಳಗೆ ಹೋಗಿ ನಾನು ಎಲ್ಲವಕ್ಕೂ ಒಂದೊಂದು ಸೂಜಿ ಚುಚ್ಚಿದೆ.

೩. ಚಾಚಾನ ಬಲ್ಬು

ನಾವು ಚುಚ್ಚುವ ಮದ್ದಿನಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಬ್ಯಾಕ್ಟೀರಿಯಾದ ಹೊರಪದರದ ಒಂದು ಚೂರು ಇರುತ್ತದೆ, ಅಷ್ಟೆ. ಅದು ಬರೀ ಚೂರು ಎಂದು ಮೈಗೆ ಗೊತ್ತಾಗುವುದಿಲ್ಲ. ಶತ್ರು ಬಂದ ಎಂದು ಮೈಯೊಳಗಿನ ಕಾವಲು ಪಡೆ ಎದ್ದು ನಿಲ್ಲುತ್ತದೆ, ಜ್ವರ ಏರುತ್ತದೆ, ಆ ಗದ್ದಲದ ಸುದ್ದಿ ಮೆದುಳಿಗೂ ಮುಟ್ಟುತ್ತದೆ. ಆಗ ಇಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದೇ ನನ್ನ ಕೆಲಸ.

ಗಂಡಿಲಿಗಳು ಪಾಠದ ಪುಸ್ತಕದಲ್ಲಿ ಬರೆದ ಹಾಗೆ ನಡೆದುಕೊಂಡವು. ಮೂಲೆ ಸೇರಿದವು, ಮುದುರಿಕೊಂಡವು, ಕೂದಲು ನಿಮಿರಿಸಿ ಕಣ್ಣು ಮುಚ್ಚಿದವು. ಮುಟ್ಟಿದರೂ ಏಳಲಿಲ್ಲ. ಮರುದಿನ ಬಂದು ನೋಡಿದರೆ ಅವುಗಳ ಬೋನಿನ ಮೇಲೆ ಒಂದು ಬಲ್ಬು ಬೆಚ್ಚಗೆ ಉರಿಯುತ್ತಿತ್ತು. ನೀರಿನ ಬಾಟಲಿಯಲ್ಲಿ ಗ್ಲೂಕೋಸು ಬೆರೆತಿತ್ತು. ನನ್ನ ಪ್ರಯೋಗ ಹಾಳಾಗಿತ್ತು.

"ಏನಿದು ಚಾಚಾ?"

"ಪಾಪ ಮೇಡಂ, ಗಂಡು ಜೀವ. ಸಂಕಟ ತಡೆಯೋಕೆ ಆಗಲ್ಲ ಅವಕ್ಕೆ. ಹೆಂಗೆ ಮಲಗವ್ನೆ ನೋಡಿ, ಯಾ ಅಲ್ಲಾ!"

"ಹೆಣ್ಣಿಲಿಗಳಿಗೆ?"

"ಅವು ಚೆನ್ನಾಗವೆ ಮೇಡಂ. ಕಾಗದ ಹಾಕಿದೀನಿ, ಗೂಡು ಕಟ್ಕೊಂತಾ ಅವೆ."

ಪರದೆ ಸರಿಸಿ ಹೋಗಿ ನೋಡಿದೆ. ನಿಜ, ಗೂಡು ಕಟ್ಟುತ್ತಿದ್ದವು. ಒಂದು ಹೆಣ್ಣು ಕಾಗದದ ಚೂರು ಕಚ್ಚಿಕೊಂಡು ಎರಡು ಹೆಜ್ಜೆ ಇಡುತ್ತಿತ್ತು, ನಿಲ್ಲುತ್ತಿತ್ತು, ಪಕ್ಕೆಗಳು ಎದ್ದೆದ್ದು ಬೀಳುತ್ತಿದ್ದವು, ಮತ್ತೆ ಎರಡು ಹೆಜ್ಜೆ. ಅದರ ಮೈ ಗಂಡಿನ ಮೈಯಷ್ಟೇ ಸುಡುತ್ತಿತ್ತು.

"ಇದು ಚೆನ್ನಾಗಿರೋದಲ್ಲ ಚಾಚಾ. ಇದಕ್ಕೂ ಅಷ್ಟೇ ಜ್ವರ ಇದೆ."

ಚಾಚಾ ಬಗ್ಗಿ ನೋಡಿ ತಲೆಯಾಡಿಸಿದರು. "ಹೆಣ್ಮಕ್ಕಳು ಗಟ್ಟಿ ಮೇಡಂ. ನಮ್ಮನೆಯವಳೂ ಹಂಗೇ. ದೇವರ ದಯ, ಒಂದಿನಾನೂ ಕಾಯಿಲೆ ಅಂತ ಮಲಗ್ಲಿಲ್ಲ. ಹೋದ ವರ್ಷ ತೀರ್ಕೊಂಡಳು, ಅಷ್ಟೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು ಅಂತ ಕಾಣುತ್ತದೆ. ಹೋಗಿ ಗಂಡುಗಳ ಮೇಲಿದ್ದ ಬಲ್ಬನ್ನು ಬಿಚ್ಚಿ ತಂದು ಆ ಹೆಣ್ಣಿಲಿಯ ಬೋನಿನ ಮೇಲೆ ಕಟ್ಟಿದರು.

೪. ಕೆಟ್ಟ ಥರ್ಮಾಮೀಟರು

ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಫಲಿತಾಂಶ ನೋಡಲು ಸಾಹೇಬರು ಬಂದರು.

ಕಾಯಿಲೆಗೆ ಅಂಕ ಕೊಡುವ ಪದ್ಧತಿಯೊಂದನ್ನು ಅವರೇ ಬಹಳ ಹಿಂದೆ ಮಾಡಿಟ್ಟಿದ್ದರು. ಮುದುರಿ ಮಲಗಿದರೆ ಇಷ್ಟು, ಅಲುಗಾಡದಿದ್ದರೆ ಇನ್ನಿಷ್ಟು. ಓಡಾಡಿಕೊಂಡಿದ್ದರೆ ಸೊನ್ನೆ. ಗಂಡುಗಳೆಲ್ಲ ರ‍್ಯಾಂಕ್ ಬಂದಿದ್ದವು, ಹೆಣ್ಣುಗಳೆಲ್ಲ ಫೇಲು.

"ಹೆಣ್ಣುಗಳಿಗೆ ಇಂಜೆಕ್ಷನ್ ಸರಿಯಾಗಿ ಬಿದ್ದಿಲ್ಲ" ಎಂದರು ಸಾಹೇಬರು.

"ಬಿದ್ದಿದೆ ಸರ್. ಮೈ ಬಿಸಿ ಎರಡರದ್ದೂ ಒಂದೇ ಇದೆ."

"ಹಾಗಾದ್ರೆ ಥರ್ಮಾಮೀಟರ್ ಕೆಟ್ಟಿದೆ."

"ಗಂಡುಗಳದ್ದನ್ನೂ ಅದರಲ್ಲೇ ನೋಡಿದ್ದು ಸರ್."

"ಗಂಡುಗಳಿಗೆ ಸರಿಯಾಗೇ ತೋರಿಸಿದೆಯಲ್ಲಮ್ಮ!"

ಆಮೇಲೆ ಬೇರೆ ಬೇರೆ ದಿನ ತೆಗೆದ ಮೆದುಳಿನ ಮಾದರಿಗಳು ಮೈಸೂರಿನ ಒಂದು ಲ್ಯಾಬಿಗೆ ಹೋಗಿ ಬಂದವು. ಸೊನ್ನೆ ಅಂಕದ ಹೆಣ್ಣಿಲಿಗಳ ಮೆದುಳಿನಲ್ಲಿ ಉರಿಯೂತದ ರಾಸಾಯನಿಕಗಳು ಗಂಡುಗಳಲ್ಲಿ ಇದ್ದಷ್ಟೇ ಏರಿದ್ದವು. ಅಷ್ಟೇ ಅಲ್ಲ, ಗಂಡುಗಳು ಚೇತರಿಸಿಕೊಂಡು ತಿಂದುಂಡು ಜಗಳ ಶುರು ಮಾಡಿದ ಮೇಲೂ, ಮನಸ್ಸಿನ ಗೆಲುವನ್ನು ಕಾಯುವ ರಾಸಾಯನಿಕ ಹೆಣ್ಣುಗಳಲ್ಲಿ ಕೆಳಗೇ ಇತ್ತು. ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ತಳಿ ಬೇರೆಯಾದರೆ, ವಯಸ್ಸು ಬೇರೆಯಾದರೆ, ಮದ್ದಿನ ಅಳತೆ ಬೇರೆಯಾದರೆ ಕತೆಯೂ ಬೇರೆ. ನಮ್ಮ ಇಲಿಗಳ ಕತೆ ಇದು. ಬೋನಿನಲ್ಲಿ ಒಂದು ಬಾಟಲಿ ಸಾದಾ ನೀರು, ಒಂದು ಬಾಟಲಿ ಸಕ್ಕರೆ ನೀರು ಇಟ್ಟಿರುತ್ತೇವೆ. ಆರೋಗ್ಯದ ಇಲಿ ಸಕ್ಕರೆ ನೀರಿಗೆ ಮುಗಿಬೀಳುತ್ತದೆ. ನಮ್ಮ ಹೆಣ್ಣಿಲಿಗಳು ಗೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ, ಸಕ್ಕರೆ ನೀರನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಕೆಲಸ ಬಿಟ್ಟಿರಲಿಲ್ಲ, ಆಸೆ ಬಿಟ್ಟಿದ್ದವು.

ಸಾಹೇಬರು ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. "ಇಷ್ಟೆಲ್ಲ ಆಗಿದ್ರೆ ಅವು ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?" ಎಂದರು, ಇಲಿಗಳ ಮೇಲೆ ನಿಜವಾಗಿಯೂ ಬೇಜಾರು ಮಾಡಿಕೊಂಡು.

೫. ಅಣ್ಣನ ಜ್ವರ

ಅದೇ ದಿನಗಳಲ್ಲಿ ಅಣ್ಣನಿಗೆ ಜ್ವರ ಅಂತ ಊರಿಂದ ಫೋನು ಬಂತು. ನಾಟಿ ಕಾಲ. ಅಣ್ಣ ಅತ್ತಿಗೆ ಇಬ್ಬರೂ ಮೊಣಕಾಲುದ್ದ ಕೆಸರು ನೀರಿನಲ್ಲಿ ನಿಂತಿದ್ದವರು. ಗದ್ದೆಯ ಇಲಿಗಳು ಉಚ್ಚೆ ಹೊಯ್ದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರುತ್ತದೆ ಎಂದು ನನಗೆ ಗೊತ್ತು. ಓಡಿದೆ.

ಅಣ್ಣ ಪಡಸಾಲೆಯ ಮಂಚದಲ್ಲಿ ಕಂಬಳಿ ಹೊದ್ದು ಮಲಗಿದ್ದ. ನನ್ನ ಗಂಡಿಲಿಗಳಷ್ಟೇ ಅಚ್ಚುಕಟ್ಟಾಗಿ ಮುದುರಿಕೊಂಡಿದ್ದ. ಮಂಚದ ಸುತ್ತ ಜಾತ್ರೆಯಷ್ಟು ಜನ. ಎಚ್.ಡಿ. ಕೋಟೆಯಿಂದ ಚಿಕ್ಕಪ್ಪನ ಮನೆಯವರು ಬಾಳೆಗೊನೆ ಹೊತ್ತು ಬಂದಿದ್ದರು. ಹೊಸ ಅಗ್ರಹಾರದಿಂದ ಯಾರೋ ಎಳನೀರು ತಂದಿದ್ದರು. ಬಂದವರಿಗೆಲ್ಲ ಅತ್ತಿಗೆ ಕಾಫಿ ಕೊಡುತ್ತಿದ್ದಳು, ಬಂದವರೆಲ್ಲ ಉಂಡೇ ಹೋಗುವವರಾದ್ದರಿಂದ ಒಳಗೆ ಮುದ್ದೆಗೆ ಎಸರೂ ಇಟ್ಟಿದ್ದಳು.

ಈ ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ನನ್ನ ಜಡೆ ಹಾಕಿದವಳು ಅವಳು, ಕಾಲೇಜಿಗೆ ಕಳಿಸಿ ಅಂತ ಮನೆಯಲ್ಲಿ ಹಟ ಹಿಡಿದವಳೂ ಅವಳೇ. ಸಿಹಿ ಅಂದರೆ ಪ್ರಾಣ ಅವಳಿಗೆ. ಲೋಟದ ತಳದಲ್ಲಿ ಸಕ್ಕರೆ ಕಾಣದಿದ್ದರೆ ಅದು ಕಾಫಿಯೇ ಅಲ್ಲ ಎನ್ನುವವಳು. ಅವತ್ತು ಎಲ್ಲರಿಗೂ ಕೊಟ್ಟು, ತನ್ನ ಲೋಟವನ್ನು ಕಟ್ಟೆಯ ಮೇಲೇ ಮರೆತಿದ್ದಳು. ಕೆನೆ ಕಟ್ಟಿತ್ತು.

ಕಾಫಿ ತೆಗೆದುಕೊಳ್ಳುವಾಗ ಅವಳ ಬೆರಳು ತಾಗಿತು. ಲೋಟಕ್ಕಿಂತ ಬೆರಳೇ ಬಿಸಿಯಾಗಿತ್ತು.

"ಅತ್ತಿಗೆ, ನಿನಗೆ ಜ್ವರ. ಕಣ್ಣು ಕೆಂಪಗಿದೆ ನೋಡು."

"ಹೊಗೆ ಕಣವ್ವಾ."

"ಗ್ಯಾಸ್ ಒಲೇಲಿ ಯಾವ ಹೊಗೆ?"

ಅವಳು ಒಲೆಯ ಉರಿ ತಗ್ಗಿಸಿದಳು. "ಮೀನಖಂಡ ವಸಿ ಸೆಳೀತದೆ, ನಿಂತೂ ನಿಂತೂ. ನೀನು ಕುಡಿಯವ್ವ, ಆರೋಯ್ತದೆ" ಎಂದು ಮುದ್ದೆ ಕೋಲು ಹಿಡಿದಳು.

ಅಣ್ಣನ ಬಾಯಿಂದ ಥರ್ಮಾಮೀಟರ್ ಕಿತ್ತು, ತೊಳೆದು, ಪಾದರಸ ಇಳಿಯುವ ಹಾಗೆ ಜಾಡಿಸಿ, ಅವಳ ಬಾಯಿಗಿಟ್ಟೆ. ಇಬ್ಬರಿಗೂ ಒಂದೇ ಜ್ವರ. ತಗೊಂಡು ಹೋಗಿ ಎಲ್ಲರ ಮುಂದೆ ಹಿಡಿದೆ. ಅತ್ತಿಗೆಗೂ ಇಷ್ಟೇ ಇದೆ, ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಬೇಕು ಎಂದೆ.

ಅಣ್ಣ ಕಂಬಳಿಯಿಂದ ಮೂಗು ಮಾತ್ರ ಹೊರಗೆ ಹಾಕಿದ.

"ಬೆಳಗ್ಗಿಂದ ನನ್ ಬಾಯಾಗೇ ಇತ್ತಲ್ಲವ್ವ ಅದು. ನನ್ ಬಿಸೀನೇ ಇನ್ನೂ ಉಳ್ಕಂಡದೆ ಬುಡು."

೬. ಪೇಷಂಟ್ ಕಡೆಯವರು

ಕಾರು ಬಂತು. ಅಣ್ಣನನ್ನು ನಾಲ್ಕು ಜನ ಹಿಡಿದು ಕೂರಿಸಿದರು. ಅತ್ತಿಗೆ ಫ್ಲಾಸ್ಕು, ಚಾಪೆ, ಬಟ್ಟೆ ಬ್ಯಾಗು ಹೊತ್ತುಕೊಂಡು ತಾನೇ ಹತ್ತಿದಳು. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ರಾತ್ರಿ ರೋಗಿಯ ಜೊತೆ ಉಳಿಯಲು ಒಬ್ಬರಿಗೆ ಮಾತ್ರ ಅವಕಾಶ. ಆ ಒಬ್ಬರು ಯಾರು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಡಾಕ್ಟರು ಅಣ್ಣನನ್ನು ನೋಡಿ ಇಲಿ ಜ್ವರದ ಅನುಮಾನ ಎಂದು ಹೇಳಿ ತಕ್ಷಣ ಡ್ರಿಪ್ ಹಾಕಿಸಿದರು. ಒಳ್ಳೆಯ ಡಾಕ್ಟರು, ಸುಳ್ಳು ಹೇಳಬಾರದು. ನಾನು ಅತ್ತಿಗೆಯನ್ನು ಮುಂದೆ ತಳ್ಳಿದೆ. "ಇವರೂ ಅದೇ ನೀರಲ್ಲಿ ನಿಂತವರು ಡಾಕ್ಟ್ರೇ. ಅದೇ ಜ್ವರ."

ಅವರು ಕನ್ನಡಕದ ಮೇಲಿಂದ ನೋಡಿದರು. "ನಡ್ಕೊಂಡು ಬಂದಿದ್ದಾರಲ್ಲ. ಒಂದು ಮಾತ್ರೆ ಬರ್ಕೊಡ್ತೀನಿ, ಇವರ್ನ ಮೊದ್ಲು ನೋಡೋಣ."

ವಾರ್ಡಿನಲ್ಲಿ ಅತ್ತಿಗೆ ಅಣ್ಣನ ಮಂಚದ ತುದಿಗೆ ಒರಗಿ ಕಣ್ಣು ಮುಚ್ಚಿದ್ದಳು. ನರ್ಸಮ್ಮ ಬಂದು ಗದರಿದಳು. "ಏನಮ್ಮ, ಪೇಷಂಟ್ ಬೆಡ್ ಮ್ಯಾಲೆ ಕೂತ್ಕೊಂಡ್ರೆ ಪೇಷಂಟ್‌ಗೆ ರೆಸ್ಟ್ ಬೇಡ್ವಾ? ಆ ಕಡೆಯೋರು ಈ ಕಡೆಯೋರು ಎಲ್ಲಾ ಮಲಗಿದ್ರೆ ನೋಡ್ಕೊಳ್ಳೋರ್ಯಾರು?" ಅತ್ತಿಗೆ ತಪ್ಪು ಮಾಡಿದವಳ ಹಾಗೆ ಎದ್ದು ನಿಂತು ಸೀರೆ ಸರಿಮಾಡಿಕೊಂಡಳು.

ನಾನು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿದೆಯಾ, ಒಂದಕ್ಕೆ ಹೋದೆಯಾ ಎಂದು ಕೇಳಿದೆ. ಅವಳು ಸುತ್ತ ನೋಡಿ, ದನಿ ತಗ್ಗಿಸಿ, ಒಂದು ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ನೆನ್ನೆಯಿಂದ ಬಂದೇ ಇಲ್ಲ ಕಣವ್ವಾ. ಒಳ್ಳೇದೇ ಆಯ್ತು ಬುಡು. ಇಲ್ಲೀ ಕಕ್ಕಸು ನೋಡಿದ್ದೀಯಾ ನೀನು?"

ಮೂತ್ರಪಿಂಡ ನಿಂತಿದೆ ಎಂದು ಅರ್ಥವಾಗಲು ಯಾವ ಮೆಷಿನ್ನೂ ಬೇಕಿರಲಿಲ್ಲ. ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ರಕ್ತ ತೆಗೆಸಿದೆ. ಪೇಷಂಟ್ ಹೆಸರು ಹೇಳಿ ಎಂದರು. ಅತ್ತಿಗೆ ಅಣ್ಣನ ಹೆಸರು ಹೇಳಿದಳು. ನಾನು ಕಿರುಚಿದೆ. ಅಷ್ಟು ಜನರ ಮುಂದೆ, ಅಷ್ಟು ಜೋರಾಗಿ ನಾನು ಯಾವತ್ತೂ ಕಿರುಚಿದವಳಲ್ಲ. ಅಣ್ಣನ ಮೇಲೆ ಸಿಟ್ಟಿತ್ತು, ಡಾಕ್ಟರ ಮೇಲೆ ಇತ್ತು, ಎಲ್ಲರಿಗಿಂತ ಹೆಚ್ಚು ಅತ್ತಿಗೆಯ ಮೇಲಿತ್ತು. ಒಂದು ಸಲ, ಒಂದೇ ಸಲ ದೊಪ್ಪನೆ ಬಿದ್ದಿದ್ದರೆ ಯಾರಾದರೂ ಎತ್ತುತ್ತಿದ್ದರಲ್ಲ!

ರಿಪೋರ್ಟು ನೋಡಿ ಡಾಕ್ಟರು ಕುರ್ಚಿಯಿಂದ ಎದ್ದರು. ಕೂಡಲೇ ಮೈಸೂರಿಗೆ, ಆಂಬುಲೆನ್ಸಿನಲ್ಲಿ, ಎಂದರು. ಸ್ಟ್ರೆಚರ್ ತಂದರೆ ಅತ್ತಿಗೆ ಹತ್ತಲು ಒಪ್ಪಲಿಲ್ಲ, ನಡೆದುಕೊಂಡೇ ಹೊರಟಳು. ಬಾಗಿಲಲ್ಲಿದ್ದ ಆಂಬುಲೆನ್ಸಿನವನು ಅವಳ ಹಿಂದೆ ಮುಂದೆ ನೋಡಿ ಕೇಳಿದ.

"ನೀವು ಪೇಷಂಟ್ ಕಡೆಯೋರಾ? ಪೇಷಂಟ್ ಎಲ್ಲಮ್ಮ, ಬೇಗ ಕರ್ಕಬನ್ನಿ."

೭. ಸಾಹೇಬರ ಫೋನು

ಮೈಸೂರಿನಲ್ಲಿ ಡಯಾಲಿಸಿಸ್ ಶುರುವಾಯಿತು. ಸಾಹೇಬರು ಫೋನು ಮಾಡಿದರು.

"ಅತ್ತಿಗೆ ಹೇಗಿದ್ದಾರಮ್ಮ?"

"ಕಷ್ಟ ಸರ್. ಎರಡೂ ಕಿಡ್ನಿ ನಿಂತಿವೆ. ಏನೂ ಹೇಳೋಕಾಗಲ್ಲ ಅಂತಿದ್ದಾರೆ."

"ಅಯ್ಯೋ. ಎದ್ದು ಓಡಾಡ್ತಾರಾ?"

"ಓಡಾಡ್ತಾರೆ ಸರ್."

"ಹಾಗಾದ್ರೆ ಏನೂ ಆಗಲ್ಲ ಬಿಡು!"

೮. ಹಾಸಿಗೆ ಯಾರದು

ಅಣ್ಣನ ಜ್ವರ ಬೇಗ ಇಳಿಯಿತು. ಇಳಿದ ಮೇಲೆ ಅವನು ಮೈಸೂರಿಗೆ ಬಂದ, ಅತ್ತಿಗೆಯನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು. ಅವನು ಅತ್ತಿದ್ದು ನನಗೆ ಗೊತ್ತು. ಬಸ್ಸಿನಿಂದ ಇಳಿದಾಗಲೇ ಕಣ್ಣು ಊದಿದ್ದವು. ಪ್ರೀತಿ ಇಲ್ಲದ ಮನುಷ್ಯ ಅಲ್ಲ ಅವನು, ನೋಡಲು ಬರದ ಮನುಷ್ಯ.

ನಾನು ಕಾಲೇಜಿಗೆ ಹೋಗಿ ಮರುದಿನ ವಾರ್ಡಿಗೆ ಬಂದೆ. ಮಂಚದ ಮೇಲೆ ಅಣ್ಣ ಗೊರಕೆ ಹೊಡೆಯುತ್ತಿದ್ದ. ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದಳು, ಕುತ್ತಿಗೆಯ ಪಕ್ಕ ಡಯಾಲಿಸಿಸ್ಸಿನ ನಳಿಕೆ, ಕೈಯಲ್ಲಿ ಬೀಸಣಿಗೆಯಾಗಿ ಮಡಚಿದ ಪೇಪರು. ಅಣ್ಣನಿಗೆ ಗಾಳಿ ಹಾಕುತ್ತಿದ್ದಳು.

"ಏನತ್ತಿಗೆ ಇದು?"

"ಜ್ವರ ಬಿಟ್ಟ ಮೈ ಕಣವ್ವ, ಸುಸ್ತದೆ ಅವ್ರಿಗೆ. ಮೆತ್ತಗೆ ಮಾತಾಡು."

ಅಷ್ಟರಲ್ಲಿ ರೌಂಡ್ಸಿಗೆ ಹೊಸ ಡಾಕ್ಟರೊಬ್ಬರು ಬಂದರು. ಅವಸರದಲ್ಲಿದ್ದರು. ಹಾಸಿಗೆಯ ಮೇಲಿದ್ದವನ ಕೈ ಹಿಡಿದು ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದರು. ಮುಖ ಅರಳಿತು. "ವೆರಿ ಗುಡ್! ಎಷ್ಟು ಇಂಪ್ರೂವ್ ಆಗಿದ್ದಾರೆ. ಇವತ್ತೇ ಡಿಸ್ಚಾರ್ಜ್ ಮಾಡಬಹುದು" ಎಂದು ಅತ್ತಿಗೆಯ ಕಡೆ ತಿರುಗಿದರು. "ಚೆನ್ನಾಗಿ ನೋಡ್ಕೊಂಡಿದ್ದೀರಮ್ಮ."

ಅತ್ತಿಗೆ ನಾಚಿಕೊಂಡು ತಲೆ ತಗ್ಗಿಸಿದಳು.

೯. ಮಲಗಿದ ಅತ್ತಿಗೆ

ಕಿಡ್ನಿಗಳು ಪೂರ್ತಿ ಸತ್ತಿಲ್ಲ, ನಿಧಾನಕ್ಕೆ ಎಚ್ಚರವಾಗುತ್ತಿವೆ, ಆದರೆ ಮೊದಲಿನ ಹಾಗೆ ಆಗುತ್ತವೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು. ಕುಡಿಯುವ ನೀರಿಗೂ ಅಳತೆ. ಒಂದು ಮಾತನ್ನು ದೊಡ್ಡ ಡಾಕ್ಟರು ಅಣ್ಣನಿಗೆ ಒತ್ತಿ ಹೇಳಿದರು. ಇವರು ಮಲಗಬೇಕು. ಏನೂ ಮಾಡದೆ ಮಲಗಬೇಕು. ಇಲ್ಲದಿದ್ದರೆ ಮತ್ತೆ ಇಲ್ಲಿಗೆ ತರಬೇಡಿ.

ಮಲಗಿಸಿದೆವು, ಅದೇ ಪಡಸಾಲೆಯ ಮಂಚದ ಮೇಲೆ, ನಡು ಮಧ್ಯಾಹ್ನ. ಬೀದಿ ಬಾಗಿಲು ತೆರೆದಿತ್ತು. ನಾನು ಪಕ್ಕದ ಕೋಣೆಯಲ್ಲಿ ಅವಳ ಮಾತ್ರೆ ಜೋಡಿಸುತ್ತಿದ್ದೆ. ಅಣ್ಣ ಹಿತ್ತಿಲಿನಲ್ಲಿ ಹಸುವಿಗೆ ನೀರಿಡುತ್ತಿದ್ದ.

ಮೂಲೆ ಮನೆ ಅಕ್ಕ ಸೊಪ್ಪು ಮಾರಿ ಬರುತ್ತಿದ್ದವಳು ಬಾಗಿಲಲ್ಲಿ ಇಣುಕಿದಳು. ಅತ್ತಿಗೆ ಹಗಲು ಹೊತ್ತಿನಲ್ಲಿ ಕಾಲು ಚಾಚಿ ಮಲಗಿದ್ದನ್ನು ಆ ಬೀದಿ ಕಂಡೇ ಇರಲಿಲ್ಲ. ಅಕ್ಕನ ಸೊಪ್ಪಿನ ಪುಟ್ಟಿ ಕೈಯಿಂದ ಬಿತ್ತು.

"ಅಯ್ಯೋ ನನ್ನವ್ವಾ! ಹೋಗ್ಬುಟ್ಯಾ ನನ್ ತಾಯೀ!"

ಅವಳ ದನಿ ನಮ್ಮೂರಿನ ಸಾವುಗಳಿಗೆಲ್ಲ ಸಲ್ಲುವ ದನಿ. ಅಕ್ಕಪಕ್ಕದವರು ಕೈಲಿದ್ದ ಕೆಲಸ ಬಿಟ್ಟು ಓಡಿಬಂದರು. ನಾನು ಹೊರಗೆ ಬರುವಷ್ಟರಲ್ಲಿ ಮಂಚದ ಸುತ್ತ ಹೆಂಗಸರು ಕೂತುಬಿಟ್ಟಿದ್ದರು. ಅಕ್ಕ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು.

"ಒಂದಿನಾನೂ ಕುಂತವಳಲ್ವಲ್ಲೇ ನನ್ನವ್ವಾ! ಬಂದೋರ್ನ ಬರಿಗೈಲಿ ಕಳಿಸ್ದೋಳಲ್ವಲ್ಲೇ! ನನ್ ಮಗಳ ಬಾಣಂತನಕ್ಕೆ ರಾಗಿ ಬೀಸಿ ತಂದ್ಕೊಟ್ಟೆಯಲ್ಲೇ! ಉಂಡ್ಯಾ ಅಂತ ಕೇಳ್ದೋರು ಒಬ್ರೂ ಇಲ್ಲಾಗೋದ್ರಲ್ಲೇ ನಿಂಗೇ!"

ನಾನು ಅತ್ತಿಗೆಯ ಮುಖ ನೋಡಿದೆ. ರೆಪ್ಪೆ ಅದುರುತ್ತಿತ್ತು. ಎಚ್ಚರವಾಗಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ. ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಹೇಳದ ಮಾತುಗಳು. ನನಗೂ ಅಳು ಬಂತು, ಹಿಂದೆಯೇ ಎಂದಿನಂತೆ ಅದೊಂದು ಹಾಳು ನಗು.

ಅಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

ಅತ್ತಿಗೆ ಕಣ್ಣು ತೆರೆಯದೆ ಮೆಲ್ಲಗೆ ಹೇಳಿದಳು. "ಇನ್ನೊಂಚೂರು ಯೋಳಕ್ಕಾ."

ಆಮೇಲೆ ಆದದ್ದನ್ನು ವಿವರಿಸಲಾರೆ. ಅಕ್ಕ ಹೊಸ್ತಿಲು ದಾಟಿ ಓಡಿ, ಸೊಪ್ಪಿನ ಪುಟ್ಟಿಗೇ ಎಡವಿ ಬಿದ್ದಳು. ಇನ್ನೊಬ್ಬಳು ದೇವರ ಹೆಸರೆಲ್ಲ ಒಟ್ಟಿಗೆ ಕೂಗಿದಳು. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗಿ, ಬದುಕಿದ್ದಾಳೆ ಎಂದು ಗೊತ್ತಾಗಿ, ಅತ್ತು ಸುಸ್ತಾದ ಹೆಂಗಸರೆಲ್ಲ ಗೋಡೆಗೆ ಒರಗಿ ಕೂತರು. ಯಾರೂ ಏಳಲಿಲ್ಲ. ಬಂದವರು ಹಾಗೆ ಕೂತರೆ ಏನು ಅರ್ಥ ಎಂದು ಆ ಮನೆಗೆ ಗೊತ್ತು. ಅತ್ತಿಗೆ ಮೊಣಕೈ ಊರಿ ಏಳಲು ಹೊರಟಳು.

"ಎಲ್ಲಿಗೆ?" ಎಂದೆ.

"ಅಳಾಕೆ ಬಂದೋರ್ಗೆ ಒಂದ್ ಲೋಟ ಕಾಫಿ ಆದ್ರೂ ಬ್ಯಾಡ್ವೇನವ್ವಾ?"

ನಾನು ಅವಳ ಭುಜ ಹಿಡಿದು ಒತ್ತಿದೆ. ಹಿತ್ತಿಲಿಂದ ಓಡಿಬಂದು ಬಾಗಿಲಲ್ಲಿ ನಿಂತಿದ್ದ ಅಣ್ಣ ಎಲ್ಲವನ್ನೂ ನೋಡುತ್ತಿದ್ದ. "ನೀನು ಮನೀಕಾ" ಎಂದ ಅವನು, ದನಿ ಒಡೆದು. "ನಾನ್ ಕಾಯಿಸ್ತೀನಿ." ಒಳಗೆ ಹೋದ, ಅಡುಗೆ ಮನೆಯಲ್ಲಿ ಪಾತ್ರೆ ಎತ್ತಿ ಹಾಕಿದ ಸದ್ದಾಯಿತು. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅತ್ತಿಗೆ ತಲೆದಿಂಬಿಗೆ ಒರಗಿದಳು. ನನ್ನ ಸೆರಗು ಎಳೆದಳು.

"ಡಾಕ್ಟ್ರು ಯೋಳಿರೋ ಅಳತೇಲೇ ನಂಗೂ ಒಂದರ್ಧ ಲೋಟ ಇಡಾಕೆ ಯೋಳವ್ವ. ಸಕ್ಕರೆ ವಸಿ ಮುಂದಾಗಿ ಇರ್ಲಿ."

ಜ್ವರ ಬಂದ ದಿನದಿಂದ ಅವಳು ಬಾಯಿಬಿಟ್ಟು ಕೇಳಿದ ಮೊದಲ ಸಿಹಿ ಅದು. ಇವಳು ಬದುಕುತ್ತಾಳೆ ಎಂದು ಯಾವ ರಿಪೋರ್ಟೂ ನನಗೆ ಅಷ್ಟು ಖಚಿತವಾಗಿ ಹೇಳಿರಲಿಲ್ಲ.

ಅಡುಗೆ ಮನೆಯಿಂದ ಒಂದಾದ ಮೇಲೊಂದು ಡಬ್ಬದ ಮುಚ್ಚಳ ತೆಗೆಯುವ, ಹಾಕುವ ಸದ್ದು ಬಂತು. ಆಮೇಲೆ ಅಣ್ಣನ ಕೂಗು.

"ಲೇ, ಇವಳೇ! ಸಕ್ಕರೆ ಡಬ್ಬ ಎಲ್ಲದೆ?"

ಅತ್ತಿಗೆ ಎರಡೂ ಕಾಲು ನೀಟಾಗಿ ಚಾಚಿದಳು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು, ಕಣ್ಣು ಮುಚ್ಚಿದಳು.

"ನಿಮ್ಮಣ್ಣಂಗೆ ಯೋಳವ್ವಾ, ಅವಳು ಸತ್ತೋದ್ಲು ಅಂತ."